ಮನೆಗೆ ನುಗ್ಗಿದ ಹುಡುಗನ ಎದುರು ಕೂತು ಮಾತಾಡಬೇಕಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ ಇದ್ದೇವೆ. ಎರಡು ತಿಂಗಳ ಹಿಂದೆ, ನಾವು ಮನೆಯಲ್ಲಿ ಇಲ್ಲದಾಗ ಕಳ್ಳತನವಾಯಿತು. ಲ್ಯಾಪ್‌ಟಾಪ್, ಸ್ವಲ್ಪ ದುಡ್ಡು, ಜೊತೆಗೆ ತೀರಿಕೊಂಡ ನನ್ನ ಅಮ್ಮನ ಎರಡು ಚಿನ್ನದ ಬಳೆ ಹೋದವು. ಸಿಕ್ಕಿಬಿದ್ದವನು ಮೂರು ಬೀದಿ ಆಚೆ ಇರುವ 16 ವರ್ಷದ ಹುಡುಗ. ಹೋದ ವಾರ, ಸರ್ಕಾರದ ಪರ ಕೇಸು ಹಾಕುವ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಯಿಂದ ಫೋನ್ ಬಂತು. ರೆಸ್ಟೋರೇಟಿವ್ ಜಸ್ಟಿಸ್ ಅಂತ ಒಂದು ದಾರಿ ಇದೆ, ಹುಡುಗನ ಜೊತೆ ಕೂತು ಮಾತಾಡುತ್ತೀರಾ ಎಂದು ಕೇಳಿದರು. ಇದೇ ವಿಷಯಕ್ಕೆ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಒಂದು ಸಭೆಯನ್ನೂ ಇಟ್ಟಿದ್ದಾರಂತೆ. ನನ್ನ ಯಜಮಾನರು, ‘ಇದೆಲ್ಲ ರಾಜಿ ಪಂಚಾಯ್ತಿ, ಹುಡುಗನನ್ನು ಸುಮ್ನೆ ಬಿಟ್ಟು ಕಳಿಸೋ ದಾರಿ’ ಅನ್ನುತ್ತಾರೆ. ನನಗೆ ಇವತ್ತಿಗೂ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ನಾನು ಒಪ್ಪಬೇಕಾ? ಬೇಡ ಅಂದರೆ ನಮಗೇನಾದರೂ ತೊಂದರೆ ಆಗುತ್ತಾ? ನಾವು ವೀಸಾ ಮೇಲೆ ಇರುವವರು.

ಉತ್ತರ: ಮೊದಲು ನಿದ್ದೆಯ ವಿಷಯ ಮಾತಾಡೋಣ. ಹುಡುಗನ ವಿಷಯ ಆಮೇಲೆ.

ಮನೆ ಕಳ್ಳತನವನ್ನು ಪೊಲೀಸರ ಕಾಗದಗಳಲ್ಲಿ ಆಸ್ತಿಯ ಅಪರಾಧ ಅಂತ ಬರೆಯುತ್ತಾರೆ. ಆದರೆ ಕಳ್ಳತನವಾದ ಮನೆಯಲ್ಲಿ ಮತ್ತೆ ಮಲಗಬೇಕಾದವರಿಗೆ ಗೊತ್ತು, ಹೋಗಿದ್ದು ಬರೀ ಸಾಮಾನಲ್ಲ. ಯಾರೋ ನಿಮ್ಮ ಬೀರು ತೆಗೆದಿದ್ದಾರೆ. ಮಡಚಿಟ್ಟ ಸೀರೆಗಳ ನಡುವೆ ಕೈ ಹಾಕಿದ್ದಾರೆ. ಹೊರಗೆ ಸಣ್ಣ ಸದ್ದಾದರೂ ಎದ್ದು ಕೂರುವುದು ನಿಮ್ಮ ದೌರ್ಬಲ್ಯ ಅಲ್ಲ. ನನ್ನ ಹತ್ತಿರ ಬಂದವರಲ್ಲಿ ಬಹಳ ಜನ ಇದನ್ನೇ ಹೇಳಿದ್ದಾರೆ, ಅದೂ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ.

ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ನೊಂದವರಿಗೆ ಮತ್ತು ಸಾಕ್ಷಿಗಳಿಗೆ ನೆರವಾಗುವ ಕೇಂದ್ರ ಇದೆ. ಬಹಳ ಕಡೆ ಅದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಡಿಎ ಕಚೇರಿಯ ಒಳಗೇ ಇರುತ್ತದೆ. ಅಲ್ಲಿ ಅಡ್ವೊಕೇಟ್ ಅಂತ ಕರೆಸಿಕೊಳ್ಳುವವರು ವಕೀಲರಲ್ಲ. ಕೇಸು ಎಲ್ಲಿಗೆ ಬಂತು ಅಂತ ತಿಳಿಸುವುದು, ಕೌನ್ಸೆಲಿಂಗ್‌ಗೆ ದಾರಿ ತೋರಿಸುವುದು, ಕೋರ್ಟಿಗೆ ಹೋಗಬೇಕಾದರೆ ಪಕ್ಕದಲ್ಲಿ ಕೂರುವುದು ಅವರ ಕೆಲಸ. ನಾನೂ 11 ವರ್ಷ ಆ ಕೆಲಸ ಮಾಡಿ, ಆಮೇಲೆ ಇಂಥ ಮುಖಾಮುಖಿ ಸಭೆಗಳನ್ನು ನಡೆಸಿಕೊಡುವ ಕೆಲಸಕ್ಕೆ ಬಂದವಳು. ನಾಳೆಯೇ ಫೋನ್ ಮಾಡಿ, ನನಗೊಬ್ಬ ಅಡ್ವೊಕೇಟ್ ಬೇಕು ಅಂತ ಕೇಳಿ. ಹುಡುಗನನ್ನು ನೋಡಲು ನೀವು ಒಪ್ಪಿದರೂ, ಒಪ್ಪದಿದ್ದರೂ ಈ ನೆರವು ಕೇಳುವ ಹಕ್ಕು ನಿಮಗಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಬೇಡ ಅಂದರೆ ನಿಮಗೆ ಏನೂ ತೊಂದರೆ ಇಲ್ಲ. ವೀಸಾಗೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಆರೋಪಿ ಅಲ್ಲ, ಕಳ್ಳತನಕ್ಕೆ ಸಿಕ್ಕವರು. ಒಪ್ಪಿಕೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ, ‘ನೀವು ಬರದಿದ್ದರೆ ಪಾಪ ಹುಡುಗನ ಜೀವನ ಹಾಳಾಗುತ್ತೆ’ ಅಂತ ಹೇಳಿದರೆ, ಆ ಕಾರ್ಯಕ್ರಮ ಸರಿಯಾಗಿ ನಡೆಯುತ್ತಿಲ್ಲ ಅಂತಲೇ ತಿಳಿಯಿರಿ. ನಿಮ್ಮ ದುಃಖವನ್ನು ಅವನ ಅನುಕೂಲಕ್ಕೆ ಬಳಸುವುದು ರೆಸ್ಟೋರೇಟಿವ್ ಜಸ್ಟಿಸ್ ಅಲ್ಲ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರ ಅನುಮಾನ ಸುಳ್ಳಲ್ಲ. ರಾಜಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಏನು? ನಾಲ್ಕು ಜನ ದೊಡ್ಡವರು ಕೂತು, ಹೋಗಲಿ ಬಿಡಿ ಅಂತ ಎರಡೂ ಕಡೆಯವರಿಗೆ ಹೇಳಿ, ಒಂದಿಷ್ಟು ದುಡ್ಡು ಕೊಡಿಸಿ, ಕೈ ಕುಲುಕಿಸಿ ಕಳಿಸುವುದು. ಅಲ್ಲಿ ಯಾರದು ತಪ್ಪು ಅನ್ನುವ ಮಾತೇ ಬೇಡ, ಜಗಳ ಮುಗಿದರೆ ಸಾಕು. ಇಲ್ಲಿ ಹಾಗಲ್ಲ. ಹುಡುಗ ‘ಹೌದು, ನಾನೇ ಮಾಡಿದೆ’ ಅಂತ ಒಪ್ಪಿಕೊಳ್ಳದೆ ಆ ಕೋಣೆಯ ಬಾಗಿಲೇ ತೆರೆಯುವುದಿಲ್ಲ. ತಪ್ಪು ಯಾರದು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಆ ತಪ್ಪಿನಿಂದ ಏನೇನು ಮುರಿಯಿತು, ಅದನ್ನು ಅವನು ಹೇಗೆ ತುಂಬಿಕೊಡಬೇಕು ಅನ್ನುವುದು ಅಲ್ಲಿನ ಮಾತು. ಅಮೆರಿಕದಲ್ಲಿ ಈ ವಿಚಾರವನ್ನು ಬೆಳೆಸಿದ ಹೊವರ್ಡ್ ಝೆರ್ ಅವರು ಕೇಳುತ್ತಿದ್ದದ್ದು ಇಷ್ಟೇ: ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ಕೊಡುವ ಹೊಣೆ ಯಾರದು.

ಕೋರ್ಟಿನ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೋರ್ಟಿನಲ್ಲಿ ಆರೋಪಿಗೆ ಅವನ ವಕೀಲರು ಹೇಳುವ ಮೊದಲ ಮಾತು, ಬಾಯಿ ಬಿಡಬೇಡ ಅಂತ. ಅದು ಅವನ ಹಕ್ಕು, ನಾನು ಅದನ್ನು ಆಡಿಕೊಳ್ಳುವುದಿಲ್ಲ. ಆದರೆ ಅದರ ಫಲವಾಗಿ ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ವಿಚಾರಣೆ ನಡೆದರೆ ಅಲ್ಲೇನೋ ಗೊತ್ತಾಗುತ್ತೆ ಅಂದುಕೊಂಡರೆ, ಹೆಚ್ಚಿನ ಕೇಸುಗಳಲ್ಲಿ ವಿಚಾರಣೆಯೇ ನಡೆಯುವುದಿಲ್ಲ. ರಾಜ್ಯಗಳ ಕೋರ್ಟುಗಳಲ್ಲಿ ಶಿಕ್ಷೆಯಾದ ಪ್ರಕರಣಗಳ ಪೈಕಿ ಶೇ 94ರಷ್ಟು ತಪ್ಪೊಪ್ಪಿಗೆಯಲ್ಲಿ ಮುಗಿದಂಥವು ಅಂತ ಅಮೆರಿಕದ ಸುಪ್ರೀಂ ಕೋರ್ಟೇ 2012ರ ಒಂದು ತೀರ್ಪಿನಲ್ಲಿ ಹೇಳಿದೆ. ಅದು ದೊಡ್ಡವರ ಕೋರ್ಟಿನ ಲೆಕ್ಕ. ಮಕ್ಕಳ ಕೋರ್ಟಿನ ಬಾಗಿಲಂತೂ ಸಾಮಾನ್ಯವಾಗಿ ಹೊರಗಿನವರಿಗೆ ಮುಚ್ಚಿರುತ್ತದೆ. ಒಂದು ದಿನ ಕಾಗದ ಬರುತ್ತದೆ, ಕೇಸು ಮುಗಿಯಿತು ಅಂತ. ಅಷ್ಟೇ.

ನೊಂದವರು ಕೇಳುವ ಪ್ರಶ್ನೆಗಳನ್ನು ನಾನು ಇಷ್ಟು ವರ್ಷ ಕೇಳಿಸಿಕೊಂಡಿದ್ದೇನೆ. ‘ಎಷ್ಟು ವರ್ಷ ಶಿಕ್ಷೆ ಆಗುತ್ತೆ’ ಅನ್ನುವುದು ಅದರಲ್ಲಿ ಮೊದಲನೆಯದಲ್ಲ. ಮೊದಲನೆಯದು, ‘ಯಾಕೆ ನಮ್ಮ ಮನೆ?’ ನಮ್ಮನ್ನು ನೋಡುತ್ತಿದ್ದರಾ? ನಾವು ಇಲ್ಲ ಅಂತ ಹೇಗೆ ಗೊತ್ತಾಯಿತು? ಮತ್ತೆ ಬರುತ್ತಾರಾ? ನಿಮ್ಮ ನಿದ್ದೆ ಕೆಡಿಸಿರುವುದೂ ಇದೇ ಪ್ರಶ್ನೆ ಇರಬಹುದು. ಇದಕ್ಕೆ ಉತ್ತರ ಗೊತ್ತಿರುವುದು ಆ ಹುಡುಗನಿಗೆ ಮಾತ್ರ.

ಒಂದು ಸಭೆಯ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಒಬ್ಬ ಹುಡುಗ ಕಾರು ಕದ್ದಿದ್ದ. ಎರಡು ದಿನ ಓಡಿಸಿ ಬಿಟ್ಟುಹೋಗಿದ್ದ. ಕಾರು ಸಿಕ್ಕಿತು, ವಿಮೆಯೂ ಬಂತು. ಕಾರಿನ ಒಡತಿ ಬಂದು ಕೂತರು. ಹುಡುಗ ಬರೆದುಕೊಂಡು ಬಂದಿದ್ದ ಚೀಟಿ ಓದಿದ. ಕೈ ನಡುಗುತ್ತಿತ್ತು, ಆದರೆ ಮಾತು ಬಾಯಿಪಾಠ. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಹಿಂದಿನ ಸೀಟಿನಲ್ಲಿ ಮಗುವಿನ ಸೀಟ್ ಇತ್ತಲ್ಲ, ಅದನ್ನ ಏನು ಮಾಡಿದೆ?’

ಹುಡುಗ ಚೀಟಿ ಕೆಳಗಿಟ್ಟ. ಅದಕ್ಕೆ ಚೀಟಿಯಲ್ಲಿ ಉತ್ತರ ಇರಲಿಲ್ಲ. ಫ್ರೀವೇ ಸೇತುವೆ ಕೆಳಗೆ ಎಸೆದೆ ಅಂದ. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆತಂದಿದ್ದು ಆ ಸೀಟಿನಲ್ಲಿ ಅಂತ ಆಕೆ ಹೇಳಿದರು. ಕಾರು ಹೋದ ಮೇಲೆ ನಾಲ್ಕು ವಾರ ಮಗುವನ್ನು ಡಾಕ್ಟರ ಹತ್ತಿರ ಬಸ್ಸಿನಲ್ಲಿ ಕರೆದುಕೊಂಡು ಹೋದೆ ಅಂತಲೂ ಹೇಳಿದರು. ಹುಡುಗನ ಅಜ್ಜಿ ಪಕ್ಕದಲ್ಲಿ ಕೂತಿದ್ದವರು ಮುಖ ಮುಚ್ಚಿಕೊಂಡರು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅಂಥ ಹೊತ್ತಲ್ಲಿ ನಡುವೆ ಬಾಯಿ ಹಾಕದಿರುವುದೇ ನಮ್ಮ ಕೆಲಸದ ಕಷ್ಟದ ಭಾಗ. ಆಮೇಲೆ ಹುಡುಗ, ‘ನಾನು ಅದನ್ನ ನೋಡಲೇ ಇಲ್ಲ. ಅಂದರೆ, ನೋಡಿದೆ. ಯಾರದೋ ಮಗು ಇದೆ ಅಂತ ಯೋಚನೆ ಮಾಡಲಿಲ್ಲ’ ಅಂದ. ಆ ದಿನ ಅವನು ಆಡಿದ ಮೊದಲ ನಿಜವಾದ ಮಾತು ಅದು. ಶನಿವಾರ ಕೆಲಸ ಮಾಡಿ ಹೊಸ ಸೀಟಿನ ದುಡ್ಡು ಕೊಡುವುದು ಒಪ್ಪಂದದಲ್ಲಿ ಬಂತು. ಆಕೆ ಅವನನ್ನು ಕ್ಷಮಿಸಿದೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕ್ಷಮೆ ಕೊಡಲೇಬೇಕು ಅಂತ ಅಲ್ಲಿ ಯಾರೂ ನಿಮ್ಮನ್ನು ಕೇಳುವ ಹಾಗಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಕೆನಡಾದ ಒಂಟಾರಿಯೊದಲ್ಲಿ ಎಲ್ಮೈರಾ ಅನ್ನುವ ಸಣ್ಣ ಊರು. 1974ರಲ್ಲಿ ಇಬ್ಬರು ಹುಡುಗರು ಒಂದು ರಾತ್ರಿ ಕುಡಿದು 22 ಕಡೆ ಕಿಟಕಿ ಒಡೆದು, ಟೈರ್ ಕೊಯ್ದು ದಾಂಧಲೆ ಮಾಡಿದರು. ಮಾರ್ಕ್ ಯಾಂಟ್ಝಿ ಅನ್ನುವ ಪ್ರೊಬೇಷನ್ ಅಧಿಕಾರಿ, ಅಂದರೆ ತಪ್ಪಿತಸ್ಥರನ್ನು ಜೈಲಿನ ಹೊರಗಿಟ್ಟು ನಿಗಾ ನೋಡಿಕೊಳ್ಳುವವರು, ಇವರನ್ನು ಹಾಳು ಮಾಡಿದ ಮನೆಗಳಿಗೇ ಕರೆದುಕೊಂಡು ಹೋದರೆ ಹೇಗೆ ಅಂತ ನ್ಯಾಯಾಧೀಶರ ಮುಂದೆ ಇಟ್ಟರು. ಹುಡುಗರು ಒಂದೊಂದೇ ಬಾಗಿಲು ತಟ್ಟಿ, ನಾವೇ ಮಾಡಿದ್ದು ಅಂತ ಹೇಳಿ, ನಷ್ಟ ಎಷ್ಟು ಅಂತ ಕೇಳಿ ಬರೆದುಕೊಂಡರು. ಕೆಲವು ತಿಂಗಳ ನಂತರ ದುಡ್ಡು ಹಿಡಿದು ಮತ್ತೆ ಹೋದರು. ಈ ಕಾಲದ ರೆಸ್ಟೋರೇಟಿವ್ ಜಸ್ಟಿಸ್‌ನ ಕಥೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ. ಆದರೆ ಕುಟುಂಬದವರೆಲ್ಲ ಸೇರಿ ಕೂತು ಮಾತಾಡುವ ರೂಪ ಬಂದಿದ್ದು ನ್ಯೂಜಿಲೆಂಡಿನಿಂದ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ, ನಮ್ಮ ಮಕ್ಕಳನ್ನು ನಮ್ಮನ್ನು ಕೇಳದೆ ಕೋರ್ಟುಗಳು ಎತ್ತಿಕೊಂಡು ಹೋಗುತ್ತಿವೆ ಅಂತ ಗಟ್ಟಿಯಾಗಿ ಹೇಳಿದ ಮೇಲೆ, 1989ರಲ್ಲಿ ಅಲ್ಲಿ ಕಾನೂನೇ ಬದಲಾಯಿತು.

ಡಿಎ ಕಚೇರಿ ಇದರಲ್ಲಿ ಯಾಕೆ ಬಂತು? ಅಮೆರಿಕದಲ್ಲಿ ಯಾರ ಮೇಲೆ ಕೇಸು ಹಾಕಬೇಕು, ಯಾರ ಮೇಲೆ ಬೇಡ ಅನ್ನುವುದನ್ನು ತೀರ್ಮಾನ ಮಾಡುವವರು ಇವರೇ. ಪೊಲೀಸರು ಹಿಡಿದು ತರಬಹುದು, ನ್ಯಾಯಾಧೀಶರು ಶಿಕ್ಷೆ ಕೊಡಬಹುದು. ನಡುವಿನ ಗೇಟಿನ ಬೀಗದ ಕೈ ಇರುವುದು ಡಿಎ ಹತ್ತಿರ. ಅದಕ್ಕೇ ಅವರು ಮನಸ್ಸು ಮಾಡದೆ ಗಂಭೀರ ಕೇಸು ಯಾವುದೂ ಈ ದಾರಿಗೆ ಬರುವುದು ಕಷ್ಟ. ಇನ್ನೊಂದು ಮುಖ್ಯ ವಿಷಯ, ಅವರು ಜನರಿಂದ ಆಯ್ಕೆಯಾದವರು. ವೋಟು ಕೇಳುವವರು ಜನರ ನಡುವೆ ಬರಲೇಬೇಕು. ಲೈಬ್ರರಿ ಸಭೆಯ ಹಿಂದೆ ಅದೂ ಇದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಆದರೆ ಅದೊಂದೇ ಕಾರಣ ಅಲ್ಲ. 1990ರಲ್ಲಿ ಒರೆಗಾನ್‌ನ ಪೋರ್ಟ್‌ಲೆಂಡ್‌ನಲ್ಲಿ ಮೈಕಲ್ ಶ್ರಂಕ್ ಅನ್ನುವ ಡಿಎ, ಲಾಯ್ಡ್ ಡಿಸ್ಟ್ರಿಕ್ಟ್ ಎಂಬ ವ್ಯಾಪಾರದ ಬಡಾವಣೆಗೇ ಒಬ್ಬ ಪ್ರಾಸಿಕ್ಯೂಟರನ್ನು, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರನ್ನು ಕೂರಿಸಿದರು. ಕೋರ್ಟಿನಲ್ಲಿ ಅಲ್ಲ, ಬಡಾವಣೆಯಲ್ಲೇ. ಅಲ್ಲಿ ಹೋಗಿ ಕೂತ ಮೇಲೆ ಗೊತ್ತಾಗಿದ್ದು, ಜನರಿಗೆ ದಿನಾ ತಲೆನೋವಾಗಿದ್ದು ದೊಡ್ಡ ಕೇಸುಗಳಲ್ಲ, ಬೀದಿಯಲ್ಲಿ ಕುಡಿತ, ಕಾರುಗಳ ಕಿಟಕಿ ಒಡೆಯುವುದು, ಇಂಥವು. ಇವುಗಳಲ್ಲಿ ಎಷ್ಟೋ ವಿಷಯ ಕೋರ್ಟಿನಲ್ಲಿ ಬಗೆಹರಿಯುವಂಥದ್ದೇ ಅಲ್ಲ. ಕೇಸು ಗೆಲ್ಲುವುದು ಬೇರೆ, ಬಡಾವಣೆಯವರು ನೆಮ್ಮದಿಯಾಗಿರುವುದು ಬೇರೆ ಅನ್ನುವುದು ಕಚೇರಿಯಲ್ಲಿ ಕೂತವರಿಗೆ ಬಡಾವಣೆಗೆ ಬಂದಾಗಲೇ ಕಾಣುವುದು.

ಇದು ಮೃದು ಮನಸ್ಸಿನವರ ಆಟ ಅಂತ ನಿಮ್ಮ ಯಜಮಾನರು ಅಂದರೆ, ನಿಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳಿ. ಯೋಲೊ ಕೌಂಟಿಯ ಡಿಎ ಜೆಫ್ ರೈಸಿಗ್. ಕಳ್ಳತನ ಮತ್ತು ಡ್ರಗ್ಸ್‌ಗೆ ಶಿಕ್ಷೆ ಜಾಸ್ತಿ ಮಾಡಿದ 2024ರ ಪ್ರಪೋಸಿಷನ್ 36, ಅಂದರೆ ಜನರೇ ವೋಟು ಹಾಕಿ ತಂದ ಕಾನೂನಿನ ಪರ ಮುಂದೆ ನಿಂತು ಪ್ರಚಾರ ಮಾಡಿದವರು. ಅದೇ ಕೌಂಟಿಯಲ್ಲಿ ಅವರ ಕಚೇರಿ 2013ರಲ್ಲಿ ನೇಬರ್‌ಹುಡ್ ಕೋರ್ಟ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಸಣ್ಣ ಅಪರಾಧ ಮಾಡಿದವರು, ತರಬೇತಿ ಪಡೆದ ಊರಿನವರ ಮುಂದೆ ಕೂತು, ಆದ ನಷ್ಟಕ್ಕೆ ಏನು ಮಾಡಬೇಕು ಅಂತ ತೀರ್ಮಾನ ಮಾಡಿಕೊಳ್ಳುತ್ತಾರೆ. ಮಾಡಿ ಮುಗಿಸಿದರೆ ಕೇಸು ಕೋರ್ಟಿಗೆ ಹೋಗುವುದಿಲ್ಲ. ಶಿಕ್ಷೆ ಬಿಗಿಯಾಗಬೇಕು ಅನ್ನುವವರೂ ಇದನ್ನು ನಡೆಸುತ್ತಾರೆ, ನೋಡಿ.

ಜೈಲು ತಪ್ಪಿಸುವುದಕ್ಕೆ ಮಾತ್ರ ಇದು ಅಂತಲೂ ಅಲ್ಲ. ಫ್ಲಾರಿಡಾದ ಟಲ್ಲಹಾಸಿಯಲ್ಲಿ 2010ರಲ್ಲಿ 19 ವರ್ಷದ ಯುವಕನೊಬ್ಬ ತನ್ನ ಗೆಳತಿಯನ್ನೇ ಗುಂಡಿಟ್ಟು ಕೊಂದ. ಮಗಳನ್ನು ಕಳೆದುಕೊಂಡ ತಂದೆ ತಾಯಿಯೇ ಈ ದಾರಿ ಹುಡುಕಿಕೊಂಡು ಹೋದರು. ಸಭೆ ನಡೆಸಿಕೊಟ್ಟವರು ಭಾರತೀಯ ಮೂಲದ ಸುಜಾತಾ ಬಾಳಿಗಾ. ಪ್ರಾಸಿಕ್ಯೂಟರ್ ಕೂಡ ಆ ಕೋಣೆಯಲ್ಲಿದ್ದರು. ಆ ಆರೋಪಕ್ಕೆ ಜೀವಾವಧಿ ಶಿಕ್ಷೆಯೇ ಆಗಬಹುದಿತ್ತು. ಕೊನೆಗೆ ಆಗಿದ್ದು 20 ವರ್ಷ ಜೈಲು, ಆಮೇಲೆ 10 ವರ್ಷ ಪ್ರೊಬೇಷನ್. ತಂದೆ ತಾಯಿ ಕೇಳಿದ್ದು ಅದಕ್ಕಿಂತ ಕಡಿಮೆ. ಅಂದರೆ ಕೊನೆಯ ಮಾತು ಪ್ರಾಸಿಕ್ಯೂಟರದ್ದೇ ಆಗಿತ್ತು, ಆದರೆ ಅವರು ಆ ಮಾತು ಹೇಳುವ ಮೊದಲು ಎಲ್ಲವನ್ನೂ ಎದುರಿಗೆ ಕೂತು ಕೇಳಿಸಿಕೊಂಡಿದ್ದರು.

ಇದರಿಂದ ಹುಡುಗರು ಸುಧಾರಿಸುತ್ತಾರಾ? ನಿಮ್ಮ ಕೇಸಿಗೆ ತೀರಾ ಹತ್ತಿರದ ಒಂದು ಅಧ್ಯಯನ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಡಿಎ ಕಚೇರಿ 2013ರಲ್ಲಿ ಮೇಕ್ ಇಟ್ ರೈಟ್ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಮನೆಗೆ ನುಗ್ಗಿ ಕಳ್ಳತನ, ಹಲ್ಲೆ ಇಂಥ ಆರೋಪ ಇರುವ 13ರಿಂದ 17 ವರ್ಷದವರಿಗೆ ಅದು. ಯಾರನ್ನು ಇದಕ್ಕೆ ಕಳಿಸಬೇಕು, ಯಾರನ್ನು ಎಂದಿನ ಹಾಗೆ ಕೋರ್ಟಿಗೆ ಕಳಿಸಬೇಕು ಅನ್ನುವುದನ್ನು ಲಾಟರಿ ಎತ್ತಿದ ಹಾಗೆ ಆರಿಸಿದರು. ಅದರಿಂದ ‘ಒಳ್ಳೆ ಹುಡುಗರನ್ನೇ ಆರಿಸಿಕೊಂಡರು’ ಅಂತ ಹೇಳುವ ಹಾಗಿಲ್ಲ. ಕೋರ್ಟಿಗೆ ಹೋದವರಿಗೆ ಹೋಲಿಸಿದರೆ ಇದಕ್ಕೆ ಆಯ್ಕೆಯಾದವರು ಆರು ತಿಂಗಳೊಳಗೆ ಮತ್ತೆ ಬಂಧನವಾಗುವ ಸಾಧ್ಯತೆ ಶೇ 44ರಷ್ಟು ಕಡಿಮೆ ಇತ್ತು. ನಾಲ್ಕು ವರ್ಷದ ನಂತರ ನೋಡಿದಾಗಲೂ ವ್ಯತ್ಯಾಸ ಉಳಿದಿತ್ತು. ಇದರಲ್ಲಿ ನಡುವೆ ಬಿಟ್ಟುಹೋದ ಹುಡುಗರ ಲೆಕ್ಕವೂ ಸೇರಿದೆ. ಇದು ಒಂದೇ ಊರಿನ, ನೂರೈವತ್ತಕ್ಕಿಂತ ಕಡಿಮೆ ಮಕ್ಕಳ ಲೆಕ್ಕ. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ನಾನು ಹೇಳುವುದಿಲ್ಲ. ಆದರೂ ಒಬ್ಬ ಹುಡುಗ ಮತ್ತೆ ಕಳ್ಳತನ ಮಾಡದಿದ್ದರೆ, ಅದರಿಂದ ಉಳಿಯುವುದು ಮೂರು ಬೀದಿ ಆಚೆ ಇರುವ ನಿಮ್ಮಂಥವರ ಮನೆಯೇ ಅಲ್ವಾ?

ನೊಂದವರ ಕಡೆಯಿಂದ ನೋಡಿದರೆ, ಲಂಡನ್‌ನಲ್ಲಿ ಮನೆ ಕಳ್ಳತನ ಮತ್ತು ದರೋಡೆಗೆ ಒಳಗಾದವರನ್ನು ಇಟ್ಟುಕೊಂಡು ಒಂದು ಪ್ರಯೋಗ ನಡೆದಿತ್ತು. ಎದುರಾಎದುರು ಕೂತು ಮಾತಾಡಿದವರಲ್ಲಿ ಆಘಾತದ ಲಕ್ಷಣಗಳು, ಅಂದರೆ ಬೆಚ್ಚಿ ಏಳುವುದು, ಅದೇ ಯೋಚನೆ ಮರುಕಳಿಸುವುದು, ಇಂಥವು ಕಡಿಮೆ ಕಂಡವು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾಮನ್ ಜಸ್ಟಿಸ್ ಅನ್ನುವ ಸಂಸ್ಥೆ ಹಲ್ಲೆ, ದರೋಡೆಯಂಥ ದೊಡ್ಡ ಕೇಸುಗಳನ್ನೇ ತೆಗೆದುಕೊಳ್ಳುತ್ತದೆ. ಆಯ್ಕೆ ಕೊಟ್ಟಾಗ ಶೇ 90ರಷ್ಟು ನೊಂದವರು ಈ ದಾರಿಯನ್ನೇ ಆರಿಸಿದ್ದಾರೆ ಎಂದು ಅವರು ಹೇಳುತ್ತಾರೆ. ನನಗೆ ಇದು ಆಶ್ಚರ್ಯ ಅಲ್ಲ. ಅವರು ಕರುಣೆಯಿಂದ ಒಪ್ಪುತ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಹೆಚ್ಚಿನವರು ಒಪ್ಪುವುದು, ಇನ್ನೊಬ್ಬರಿಗೆ ಹೀಗಾಗಬಾರದು ಅಂತ.

ಇದರಲ್ಲಿ ತಪ್ಪುಗಳೂ ಆಗುತ್ತವೆ, ಅದನ್ನೂ ಹೇಳಬೇಕು. ನಾನೇ ನಡೆಸಿದ ಒಂದು ಸಭೆಯಲ್ಲಿ, ಹುಡುಗನ ಬದಲು ಅವನ ತಾಯಿಯೇ ಕ್ಷಮೆ ಕೇಳುತ್ತಾ ಹೋದರು. ಹುಡುಗ ನೆಲ ನೋಡುತ್ತಾ ಕೂತಿದ್ದ. ಎದುರಿಗಿದ್ದ ಅಂಗಡಿಯವರಿಗೆ ಆ ತಾಯಿಯನ್ನು ನೋಡಿ ಅಯ್ಯೋ ಅನ್ನಿಸಿ, ಆಯ್ತು ಬಿಡಮ್ಮ ಅಂದುಬಿಟ್ಟರು. ಸಭೆ ನಿಲ್ಲಿಸಬೇಕಾಗಿತ್ತು. ನಾನು ನಿಲ್ಲಿಸಿದ್ದು ತಡವಾಗಿ. ಹುಡುಗ ಸಿದ್ಧನಾಗಿರಲಿಲ್ಲ, ಅವನನ್ನು ಕರೆದುಕೊಂಡು ಬಂದ ತಪ್ಪು ನನ್ನದು. ಅದಾದ ಮೇಲೆ, ಹುಡುಗನ ಜೊತೆ ಬೇರೆಯಾಗಿ ಸಾಕಷ್ಟು ಸಲ ಕೂರದೆ ನಾನು ಯಾರನ್ನೂ ಎದುರು ಕೂರಿಸಿಲ್ಲ. ಸಭೆ ಒಂದೆರಡು ಗಂಟೆಯದು. ಅದರ ಹಿಂದಿನ ತಯಾರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಮುಂದಿನ ಶುಕ್ರವಾರವೇ ಕೂರೋಣ ಅಂತ ಯಾರಾದರೂ ಅಂದರೆ ಅನುಮಾನ ಪಡಿ.

ಗಂಡ ಹೆಂಡತಿ ನಡುವಿನ ಹೊಡೆತ ಬಡಿತದ ಕೇಸುಗಳಲ್ಲಿ ನನಗೆ ಈ ದಾರಿಯ ಮೇಲೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಬಹಳ ಕಾರ್ಯಕ್ರಮಗಳು ಅವನ್ನು ದೂರ ಇಡುತ್ತವೆ, ಅದು ಸರಿಯೇ. ಮನೆಗೆ ಹೋದ ಮೇಲೆ ಏನಾಗುತ್ತೆ ಅನ್ನುವುದು ಸಭೆ ನಡೆಸುವವರಿಗೆ ಕಾಣುವುದಿಲ್ಲ. ಇನ್ನೊಂದು ತೊಂದರೆ, ಕೋರ್ಟಿನಲ್ಲಿ ಹೇಗೂ ನಿಲ್ಲದ ಚಿಲ್ಲರೆ ಕೇಸುಗಳನ್ನೆಲ್ಲ ಇದಕ್ಕೆ ತುಂಬಿ ಲೆಕ್ಕ ತೋರಿಸುವುದು. ಶಾಲೆಯಲ್ಲಿ ತಳ್ಳಾಡಿದ ಮಕ್ಕಳನ್ನು ಡಿಎ ಕಚೇರಿಗೆ ಎಳೆಯುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಚುನಾವಣೆಯ ಗಾಳಿಯೂ ಇದನ್ನು ಅಲ್ಲಾಡಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ 2022ರಲ್ಲಿ ಜನ ವೋಟು ಹಾಕಿ ಡಿಎ ಒಬ್ಬರನ್ನು ಅವಧಿಗೆ ಮೊದಲೇ ಕೆಳಗಿಳಿಸಿದರು. ಡಿಎ ಬದಲಾದರೆ ಕಾರ್ಯಕ್ರಮ ಉಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಈಗ ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ನಷ್ಟ ಪರಿಹಾರ ಪಡೆಯುವುದು ನೊಂದವರಿಗೆ ರಾಜ್ಯದ ಸಂವಿಧಾನವೇ ಕೊಟ್ಟ ಹಕ್ಕು. ಕೋರ್ಟಿಗೆ ಹೋಗಿ ತಪ್ಪು ಸಾಬೀತಾದರೆ ನ್ಯಾಯಾಧೀಶರು ಇಷ್ಟು ಕೊಡು ಅಂತ ಆದೇಶ ಮಾಡುತ್ತಾರೆ. ಕೇಸು ಹಾಕುವ ಮೊದಲೇ ಈ ದಾರಿಗೆ ತಿರುಗಿಸಿದರೆ ಕೋರ್ಟಿನ ಆದೇಶ ಇರುವುದಿಲ್ಲ, ಒಪ್ಪಂದ ಮಾತ್ರ ಇರುತ್ತದೆ. ಅದಕ್ಕೇ ಎಷ್ಟು ದುಡ್ಡು, ಯಾವ ತಾರೀಖಿನೊಳಗೆ, ಕೊಡದಿದ್ದರೆ ಕೇಸು ವಾಪಸ್ ಡಿಎ ಹತ್ತಿರ ಹೋಗುತ್ತದಾ, ಎಲ್ಲವೂ ಬರಹದಲ್ಲಿ ಇರಬೇಕು. ಸಣ್ಣ ಮೊತ್ತದ ದಾವೆಗಳಿಗಿರುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ 12,500 ಡಾಲರ್‌ವರೆಗೆ ನೀವೇ ದಾವೆ ಹಾಕುವ ಅವಕಾಶ ಇದೆ. ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಅನ್ನುವ ಸಾಲು ಒಪ್ಪಂದದಲ್ಲಿ ಇದೆಯಾ ಅಂತ ಸಹಿ ಮಾಡುವ ಮೊದಲು ನೋಡಿ. ರಾಜ್ಯ ಸರ್ಕಾರದ ಪರಿಹಾರ ನಿಧಿಯೂ ಇದೆ, 1965ರಿಂದ. ಆದರೆ ಅದು ಕಳೆದುಹೋದ ಸಾಮಾನಿಗೆ ದುಡ್ಡು ಕೊಡುವುದಿಲ್ಲ.

ಬಳೆಗಳ ಬಗ್ಗೆ ಒಂದು ಮಾತು. ಹುಡುಗ ಅವನ್ನು ಎಲ್ಲಿ ಮಾರಿದ ಅನ್ನುವುದು ನಿಮಗೆ ಮುಖ್ಯ. ಹಳೆ ಚಿನ್ನ ಕೊಳ್ಳುವ ಅಂಗಡಿಗಳು, ಗಿರವಿ ಅಂಗಡಿಗಳು ಕೊಂಡ ಮಾಲಿನ ವಿವರವನ್ನು ಪೊಲೀಸರಿಗೆ ಕೊಡಬೇಕು, ಕೆಲವು ದಿನ ಹಾಗೇ ಇಟ್ಟಿರಬೇಕು ಅಂತ ಅಲ್ಲಿ ಕಾನೂನಿದೆ. ಎರಡು ತಿಂಗಳು ಆಗಿಹೋಗಿದೆ, ಕರಗಿಸಿರಲೂಬಹುದು. ಆದರೂ ಸಭೆಯವರೆಗೆ ಕಾಯಬೇಡಿ. ಇವತ್ತೇ ಪೊಲೀಸರನ್ನು ಕೇಳಿ. ಹುಡುಗನಿಂದ ಈ ಒಂದು ಉತ್ತರ ಮೊದಲೇ ಬೇಕು ಅಂತ ಸಭೆ ನಡೆಸಿಕೊಡುವವರಿಗೂ ಹೇಳಿ. ನಾನು ಆ ಜಾಗದಲ್ಲಿದ್ದರೆ ತಯಾರಿಯ ಮೊದಲ ದಿನವೇ ಕೇಳುತ್ತಿದ್ದೆ.

ವೀಸಾ ವಿಷಯ ಕೇಳಿದಿರಿ. ನಿಮಗೆ ಚಿಂತೆ ಇಲ್ಲ ಅಂದೆ. ಆದರೆ ಇದನ್ನು ಓದುವ ಬೇರೆ ಮನೆಗಳಿಗಾಗಿ ಒಂದು ಮಾತು ಸೇರಿಸುತ್ತೇನೆ. ಎದುರಿನ ಕುರ್ಚಿಯಲ್ಲಿ ನಮ್ಮವರ ಮಕ್ಕಳೂ ಕೂರುತ್ತಾರೆ. 18 ದಾಟಿದ, ಪೌರತ್ವ ಇಲ್ಲದ ಮಗನೋ ಮಗಳೋ ಸಿಕ್ಕಿಬಿದ್ದರೆ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಷರತ್ತು ಪೂರೈಸಿದ ಮೇಲೆ ಕೇಸು ವಜಾ ಆದರೂ, ವಲಸೆ ಕಾನೂನು ಅದನ್ನು ಶಿಕ್ಷೆ ಆದ ಹಾಗೇ ಲೆಕ್ಕ ಹಾಕಬಹುದು. ಕೇಸು ಹಾಕುವ ಮೊದಲೇ, ಕೋರ್ಟಿನಲ್ಲಿ ತಪ್ಪೊಪ್ಪಿಗೆ ಇಲ್ಲದೆ ಈ ದಾರಿಗೆ ಬಂದರೆ ಆ ಅಪಾಯ ಬಹಳ ಕಡಿಮೆ. ಆದ್ದರಿಂದ ಯಾವುದಕ್ಕೂ ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರನ್ನೂ ಕೇಳಬೇಕು. ಇದನ್ನು ಮರೆತು ಪೇಚಾಡಿದವರನ್ನು ಕಂಡಿದ್ದೇನೆ.

ಲೈಬ್ರರಿ ಸಭೆಗೆ ಹೋಗಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರ ಅನುಮಾನ ಅಲ್ಲಿ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ನಿಮ್ಮ ಕೇಸಿನ ವಿವರ ಹೇಳಬೇಡಿ. ಹುಡುಗ ಅಪ್ರಾಪ್ತ, ಬಡಾವಣೆ ಚಿಕ್ಕದು. ಆದರೆ ಇದನ್ನು ಕೇಳಿ: ಮುಖಾಮುಖಿ ಸಭೆಗಳನ್ನು ನಡೆಸುವವರು ಡಿಎ ಕಚೇರಿಯ ನೌಕರರಾ, ಹೊರಗಿನ ಸಂಸ್ಥೆಯವರಾ? ವಾಷಿಂಗ್ಟನ್ ಡಿ.ಸಿ.ಯಲ್ಲಿ ಮಕ್ಕಳ ಕೇಸು ನಡೆಸುವ ಅಟಾರ್ನಿ ಜನರಲ್ ಕಚೇರಿ 2016ರಿಂದ ತನ್ನದೇ ನೌಕರರಿಂದ ಇದನ್ನು ನಡೆಸುತ್ತಿದೆ, ಚೆನ್ನಾಗಿಯೇ ನಡೆಸುತ್ತಿದೆ. ಆದರೂ ನನ್ನ ಮನಸ್ಸು ಹೊರಗಿನ ಸಂಸ್ಥೆಯ ಕಡೆಗೇ. ಕೇಸು ಹಾಕುವ ಕಚೇರಿಯವರೇ ಎದುರು ಕೂತರೆ ಹುಡುಗ ಬಾಯಿ ಬಿಡುವುದು ಕಷ್ಟ. ಮುಖಾಮುಖಿಯಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಬಳಸುವುದಿಲ್ಲ ಅಂತ ಬರಹದಲ್ಲಿ ಕೊಟ್ಟಿದ್ದೀರಾ ಅಂತಲೂ ಕೇಳಿ. ಇಲಿನಾಯ್ ರಾಜ್ಯ 2021ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಆ ರಕ್ಷಣೆ ಇಲ್ಲದಿದ್ದರೆ ಅವನ ವಕೀಲರು ಅವನನ್ನು ಬರಲು ಬಿಡುವುದಿಲ್ಲ, ಬಂದರೂ ಅವನು ಚೀಟಿ ಓದಿ ಎದ್ದುಹೋಗುತ್ತಾನೆ.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ, ಒಪ್ಪಬೇಕಾ ಅಂತ. ನಾನಾಗಿದ್ದರೆ ತಯಾರಿಯ ಮಾತುಕತೆಗೆ ಒಪ್ಪುತ್ತಿದ್ದೆ, ಸಭೆಗೆ ಈಗಲೇ ಮಾತು ಕೊಡುತ್ತಿರಲಿಲ್ಲ. ಮೊದಲು ನಡೆಸಿಕೊಡುವವರು ನಿಮ್ಮ ಮನೆಗೆ ಬರಲಿ, ಅಥವಾ ನೀವು ಹೇಳಿದ ಜಾಗಕ್ಕೆ ಬರಲಿ. ಅವರು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರಾ, ಬರೀ ತಮ್ಮ ಕಾರ್ಯಕ್ರಮದ ಹಿರಿಮೆ ಹೇಳುತ್ತಾರಾ ನೋಡಿ. ಆ ಹೊತ್ತಿಗೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಸಭೆಯ ದಿನ ಬೆಳಿಗ್ಗೆ ಬೇಡ ಅನ್ನಿಸಿದರೂ ಹೇಳಿ, ಸಭೆಯ ನಡುವೆ ಎದ್ದು ಹೊರಗೆ ಬಂದರೂ ಯಾರೂ ಕೇಳುವ ಹಾಗಿಲ್ಲ. ಅವನ ಮುಖ ನೋಡಲು ಆಗದಿದ್ದರೆ ಪತ್ರ ಬರೆದು ಕಳಿಸಬಹುದು, ನಿಮ್ಮ ಪರವಾಗಿ ಇನ್ನೊಬ್ಬರು ಹೋಗಿ ಕೂರಬಹುದು. ಇಂಗ್ಲಿಷಿನಲ್ಲಿ ದುಃಖ ಹೇಳಿಕೊಳ್ಳುವುದು ಕಷ್ಟ ಅನ್ನಿಸಿದರೆ ಕನ್ನಡದ ದುಭಾಷಿ ಬೇಕು ಅಂತ ಈಗಲೇ ಕೇಳಿಡಿ, ಹುಡುಕಲು ಸಮಯ ಬೇಕಾಗುತ್ತದೆ. ಯಜಮಾನರನ್ನೋ ಮಕ್ಕಳನ್ನೋ ದುಭಾಷಿ ಮಾಡಿಕೊಳ್ಳಬೇಡಿ. ಅವರಿಗೂ ಅವರದೇ ಮಾತು ಆಡಬೇಕಾಗಿರುತ್ತದೆ.

ಅಮ್ಮನ ಕೈಯಲ್ಲಿ ಆ ಬಳೆ ಇರುವ ಫೋಟೋ ಇದ್ದರೆ ಹುಡುಕಿ, ದೊಡ್ಡದಾಗಿ ಒಂದು ಪ್ರಿಂಟ್ ತೆಗೆಸಿಡಿ. ಪೊಲೀಸರಿಗೆ, ವಿಮೆಗೆ, ಪರಿಹಾರದ ಅರ್ಜಿಗೆ ಅದು ಹೇಗೂ ಬೇಕು. ಸಭೆಗೆ ಹೋಗುವುದು ಅಂತ ಆದರೆ ಅದನ್ನು ಜೊತೆಗೆ ತೆಗೆದುಕೊಂಡು ಹೋಗಿ, ಹುಡುಗನ ಮುಂದೆ ಮೇಜಿನ ಮೇಲೆ ಇಡಿ.